ಮಕ್ಕಳೊಂದಿಗೆ ಡೇರೆವಾಸ: ನೋಡುವವರು ಯಾರು?

ವಾರವೆಲ್ಲ ಶಾಲೆ, ಮನೆಪಾಠ, ಮೊಬೈಲುಗಳ ನಡುವೆ ಕಳೆದುಹೋಗುವ ಮಕ್ಕಳನ್ನು ವಾರದ ಕೊನೆಗೆ ಒಂದೆರಡು ದಿನ ಬಯಲಿಗೆ ಕರೆದೊಯ್ಯಬೇಕೆಂಬ ಹಂಬಲ ಇತ್ತೀಚೆಗೆ ನಮ್ಮ ಊರುಗಳ ಗೃಹಸ್ಥರಲ್ಲಿಯೂ ಬೆಳೆಯುತ್ತಿದೆ. ಜಾತ್ರೆಗೆಂದು ಚಕ್ಕಡಿ ಹೂಡಿಕೊಂಡು ಹೋಗಿ, ಹೊಲದಲ್ಲಿ ಬೀಡುಬಿಟ್ಟು, ಮೂರು ಕಲ್ಲಿನ ಒಲೆಯ ಮೇಲೆ ಅಡುಗೆ ಮಾಡಿ, ರಾತ್ರಿ ಚಕ್ಕಡಿಯ ಕೆಳಗೆ ಮಲಗಿ ಬಂದವರ ಮೊಮ್ಮಕ್ಕಳು ಇಂದು ಡೇರೆಗಳನ್ನು ಕೊಂಡು, ಗೆಳೆಯರ ಕುಟುಂಬಗಳನ್ನು ಜೊತೆ ಮಾಡಿಕೊಂಡು ಹೊಳೆದಂಡೆಗೆ ಹೊರಡುತ್ತಿದ್ದಾರೆ. ಹೆಸರು ಹೊಸದಾಗಿದ್ದರೂ ಸಂಗತಿ ಹಳೆಯದೇ.

ಇದರಿಂದ ಮಕ್ಕಳ ಆರೋಗ್ಯಕ್ಕೆ ಆಗುವ ಲಾಭವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕತ್ತಲಾದೊಡನೆ ನಿದ್ರೆ, ಬೆಳಕು ಹರಿದೊಡನೆ ಎಚ್ಚರ, ಕೊಟ್ಟದ್ದನ್ನು ತಕರಾರಿಲ್ಲದೆ ಉಣ್ಣುವ ಹಸಿವು ಇವು ಎರಡೇ ದಿನಗಳಲ್ಲಿ ಮರಳಿ ಬರುತ್ತವೆ. ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಹೊರಗೆ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದನ್ನು ನೇತ್ರತಜ್ಞರೂ ಹೇಳುತ್ತಾರೆ. ಆದರೆ ಈ ಲೇಖನವನ್ನು ಬರೆಯಲು ನಮ್ಮನ್ನು ಹಚ್ಚಿದ್ದು ಲಾಭಗಳ ನೆನಪಲ್ಲ. ನಮ್ಮಿಂದಾದ ಒಂದು ತಪ್ಪು, ಅದರಿಂದ ಕೂದಲೆಳೆಯಷ್ಟರಲ್ಲಿ ಪಾರಾದ ಒಂದು ಸಂಜೆ, ಇವನ್ನು ಬಚ್ಚಿಟ್ಟುಕೊಳ್ಳದೆ ಓದುಗರ ಮುಂದಿಡಬೇಕೆನಿಸಿತು.

ನಾವು ನಾಲ್ಕು ಕುಟುಂಬದವರು. ಹಿರಿಯರು ಎಂಟು ಜನ, ಮಕ್ಕಳು ಆರು. ಎಲ್ಲಕ್ಕಿಂತ ಕಿರಿಯದು ನಾಲ್ಕು ವರ್ಷದ ಹೆಣ್ಣುಕೂಸು. ಎಲ್ಲಕ್ಕಿಂತ ಹಿರಿಯಳು ಹನ್ನೊಂದು ವರ್ಷದ ನಮ್ಮ ಮಗಳು. ಡಿಸೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ ಧಾರವಾಡವನ್ನು ಬಿಟ್ಟು, ಹಳಿಯಾಳದ ಮೇಲೆ ಹಾದು, ದಾಂಡೇಲಿಯ ಆಚೆ ಕಾಳಿ ನದಿಯ ದಂಡೆಯನ್ನು ಸೇರಿದೆವು. ಅರಣ್ಯದೊಳಗೆ ಅನುಮತಿಯಿಲ್ಲದೆ ಬೀಡುಬಿಡುವಂತಿಲ್ಲವಾದ್ದರಿಂದ ಪರಿಚಿತರೊಬ್ಬರ ತೋಟದ ಅಂಚಿನಲ್ಲಿ ಡೇರೆ ಹಾಕುವುದೆಂದು ಮೊದಲೇ ಮಾತಾಗಿತ್ತು. ಸಿದ್ಧತೆಗೇನೂ ಕೊರತೆಯಿರಲಿಲ್ಲ. ಎರಡು ದಿನಕ್ಕಾಗುವಷ್ಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮಾದಲಿ, ದೊಡ್ಡ ಡಬ್ಬಿ ತುಂಬ ಅವಲಕ್ಕಿ. ಹೊದಿಕೆ, ಟಾರ್ಚು, ಔಷಧದ ಚೀಲ. ಜೊತೆಗೆ ನಮ್ಮ ಎಂಟು ಜನರಲ್ಲಿ ಒಬ್ಬರು ಮಕ್ಕಳ ವೈದ್ಯರು. ಇನ್ನೇನು ಬೇಕೆಂಬ ಧೈರ್ಯ ನಮ್ಮದಾಗಿತ್ತು.

ನಾವು ಮುಟ್ಟಿದಾಗ ನಾಲ್ಕು ಗಂಟೆ. ಹೊಳೆ ಇಳಿದಿತ್ತು. ದಂಡೆಯಿಂದ ಹತ್ತಾರು ಹೆಜ್ಜೆಯವರೆಗೆ ಬಂಡೆಗಳು ಒಣಗಿ ನಿಂತಿದ್ದವು; ನಡುವೆ ಮಕ್ಕಳ ಪಾದ ಮುಳುಗುವಷ್ಟು ನೀರು. ತೋಟದ ಯಜಮಾನರು ಚಹಾ ಕೊಟ್ಟು ಹೋಗುವಾಗ, "ಸಂಜೀಕ ಮ್ಯಾಲಿಂದ ನೀರು ಬಿಡ್ತಾರ್ರಿ, ಹುಡುಗರನ್ನ ಕಲ್ಲಿನ ಮ್ಯಾಲೆ ಬಿಡಬ್ಯಾಡ್ರಿ" ಎಂದು ಹೇಳಿಯೇ ಹೋದರು. ನಾವೆಲ್ಲರೂ ತಲೆದೂಗಿದೆವು. ಎಂಟು ಜನ ಕೇಳಿಸಿಕೊಂಡ ಮಾತನ್ನು ನೆನಪಿಡುವ ಹೊಣೆ ನಿರ್ದಿಷ್ಟವಾಗಿ ಯಾರ ಮೇಲೂ ಬೀಳಲಿಲ್ಲವೆಂಬುದು ಆಗ ಹೊಳೆಯಲಿಲ್ಲ.

ಐದೂವರೆಯ ಹೊತ್ತಿಗೆ ಚಿತ್ರ ಹೀಗಿತ್ತು. ಇಬ್ಬರು ಒಲೆ ಹೂಡುತ್ತಿದ್ದರು. ಕೂಸಿನ ತಂದೆ ಮತ್ತೊಬ್ಬರೊಡನೆ ಡೇರೆಯ ಗೂಟ ಬಡಿಯುತ್ತಿದ್ದರು. ತಾಯಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಕೂಸು ತಂದೆಯ ಹತ್ತಿರ ಇದೆಯೆಂದು ಅವರ ತಿಳಿವಳಿಕೆ, ತಾಯಿಯ ಹತ್ತಿರ ಇದೆಯೆಂದು ತಂದೆಯ ತಿಳಿವಳಿಕೆ. ವೈದ್ಯರು ಗಂಡುಹುಡುಗರಿಗೆ ಚೆಂಡು ಎಸೆಯುತ್ತಿದ್ದರು. "ತಂಗೀನ ನೋಡ್ಕೋವಾ" ಎಂದು ಯಾರೋ ನಮ್ಮ ಹಿರಿಯ ಮಗಳಿಗೆ ಹೇಳಿದ್ದರು. ಅವಳು ಕೂಸಿನ ಕೈಹಿಡಿದು ನಿಂತೂ ಇದ್ದಳು. ಅಷ್ಟರಲ್ಲಿ ಒಲೆಯ ಕಡೆಯಿಂದ, "ಕಾರಿನಾಗಿಂದ ಉಪ್ಪಿನ ಡಬ್ಬಿ ತಗೊಂಡು ಬಾ" ಎಂಬ ಕೂಗು ಬಂದಿತು. ಕರೆದವರು ನಾವೇ. ದೊಡ್ಡವರು ಕರೆದರೆಂದು ಅವಳು ಕೂಸಿನ ಕೈಬಿಟ್ಟು ಓಡಿದಳು.

ಹಿತ್ತಾಳೆಯ ಪುಟ್ಟ ತಂಬಿಗೆಯೊಂದನ್ನು ತೊಳೆಯಬೇಕೆಂದು ಕೂಸು ಹೊಳೆಗಿಳಿದಿತ್ತು. ಮೇಲಿನಿಂದ ನೀರು ಬಿಟ್ಟಾಗಿತ್ತು. ಮಧ್ಯಾಹ್ನ ಕಂಡ ಬಂಡೆಗಳಲ್ಲಿ ಅರ್ಧ ಆಗಲೇ ಕಾಣೆಯಾಗಿದ್ದವು. ಆಚೆಯ ಕಾಲುದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು, "ಸಾಹೇಬ್ರ, ಕೂಸು ನೀರಾಗ ಐತ್ರಿ!" ಎಂದು ಕೂಗುತ್ತಲೇ ತೊಡೆಯುದ್ದದ ನೀರಿಗಿಳಿದು ಅದನ್ನು ಎತ್ತಿಕೊಂಡರು. ನೀರು ಕೂಸಿನ ಎದೆಗೆ ಬಂದಿತ್ತು. ಅದು ಅಳಲಿಲ್ಲ, ಕೂಗಲಿಲ್ಲ. ಮುಳುಗಿಹೋದ ತಂಬಿಗೆಯ ಕಡೆಗೆ ಬೆರಳು ಮಾಡುತ್ತಿತ್ತು. ನಮ್ಮ ಒಲೆಯಿಂದ ಆ ಸ್ಥಳಕ್ಕೆ ಆಮೇಲೆ ಎಣಿಸಿ ನೋಡಿದೆವು, ನಲವತ್ತು ಹೆಜ್ಜೆ.

ಒಂಟಿಯಾಗಿ ಮಗುವನ್ನು ಕರೆದುಕೊಂಡು ಹೋದ ತಾಯಿ ಒಂದು ಕ್ಷಣವೂ ಕಣ್ಣು ತೆಗೆಯುವುದಿಲ್ಲ. ಗೆಳೆಯರ ಗುಂಪಿನಲ್ಲಿ ಹೋದಾಗ ಅದೇ ತಾಯಿಗೆ ನಿರಾಳವೆನಿಸುತ್ತದೆ. ಇಷ್ಟು ಜನರಿದ್ದಾರಲ್ಲ ಎಂಬ ಭಾವ. ಪ್ರತಿಯೊಬ್ಬರಿಗೂ ಹಾಗೆಯೇ ಎನಿಸುವುದರಿಂದ ಕೊನೆಗೆ ಕೂಸಿನ ಮೇಲೆ ಒಂದು ಕಣ್ಣೂ ಉಳಿಯುವುದಿಲ್ಲ. ಮದುವೆಮನೆಯ ಗದ್ದಲದಲ್ಲಿ, ತೋಟದ ಮನೆಯ ಕೃಷಿಹೊಂಡದ ಬಳಿ, ಜಾತ್ರೆಯ ಕಲ್ಯಾಣಿಯಲ್ಲಿ ಮಕ್ಕಳು ನೀರಿಗೆ ಬೀಳುವುದೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟು ಐದು ವರ್ಷದೊಳಗಿನ ಮಕ್ಕಳು.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗಲು ಉಸಿರೆಲ್ಲಿಯದು? ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ತಲೆ ಹಿಂದಕ್ಕೆ ವಾಲುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಏರುತ್ತ ಇಳಿಯುತ್ತ ಇರುತ್ತದೆ. ಸಣ್ಣ ಮಕ್ಕಳಲ್ಲಿ ಇದೆಲ್ಲ ಒಂದು ನಿಮಿಷದೊಳಗೆ, ಸದ್ದಿಲ್ಲದೆ ಮುಗಿಯುತ್ತದೆ. ಆದುದರಿಂದ "ಕೂಗಿದರೆ ಕೇಳಿಸುತ್ತದೆ" ಎಂಬಷ್ಟು ದೂರದಲ್ಲಿದ್ದು ಕಾಯುವುದು ಕಾಯುವಿಕೆಯೇ ಅಲ್ಲ. ಐದು ವರ್ಷದೊಳಗಿನ ಮಗು ನೀರಿನ ಬಳಿ ಇದ್ದರೆ ಹಿರಿಯರು ಕೈಗೆಟುಕುವ ಅಂತರದಲ್ಲಿರಬೇಕು. ಗಾಳಿ ತುಂಬಿದ ಆಟಿಕೆಯ ಉಂಗುರಗಳನ್ನು ನಂಬಬಾರದು. ಅಳತೆಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್ ಬೇರೆಯ ಮಾತು, ಅದೂ ಕಣ್ಣಿನ ಕಾವಲಿಗೆ ಬದಲಿಯಲ್ಲ.

ಕಾಳಿಯಂಥ ನದಿಗೆ ಇನ್ನೊಂದು ಗುಣವಿದೆ. ಗಣೇಶಗುಡಿಯ ಬಳಿಯ ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಲ್ಲಿ ವಿದ್ಯುತ್ತು ಉತ್ಪಾದನೆಯಾದಾಗ ಹೊರಬಂದ ನೀರು ಕೆಳಗೆ ದಾಂಡೇಲಿಯ ಕಡೆಗೆ ಹರಿದು ಬರುತ್ತದೆ. ಉತ್ಪಾದನೆ ನಿಂತಾಗ ಹೊಳೆ ಇಳಿಯುತ್ತದೆ. ಮಳೆಯ ಒಂದು ಹನಿಯೂ ಇಲ್ಲದ, ಆಕಾಶ ತಿಳಿಯಾಗಿರುವ ದಿನವೇ ನೀರು ಏರಬಹುದು. ಮೇಲೆ ಜಲವಿದ್ಯುತ್ ಅಣೆಕಟ್ಟೆಯಿರುವ ಯಾವ ನದಿಯಲ್ಲಿಯೂ ಇದು ಸಾಧ್ಯ. ದಾಂಡೇಲಿಯ ಸುತ್ತಿನ ಕಾಳಿಯಲ್ಲಿ ಮೊಸಳೆಗಳಿವೆ ಎಂಬುದು ಬೇರೆ. ಸ್ಥಳೀಯರು ಇಳಿಯಬೇಡಿರೆಂದ ಕಡೆ ಇಳಿಯಬಾರದು. ಡೇರೆಯನ್ನು ನೀರಿನ ಹಳೆಯ ಗುರುತಿಗಿಂತ ಸಾಕಷ್ಟು ಎತ್ತರದಲ್ಲಿ ಹಾಕಬೇಕು. ನೀರಿನಂಚಿನಲ್ಲಿ ಒಂದು ಕೋಲು ನೆಟ್ಟು ಮಟ್ಟವನ್ನು ಗಮನಿಸುತ್ತಿರಬೇಕು. ಈ ಕೋಲಿನ ಉಪಾಯವನ್ನು ನಮಗೆ ಹೇಳಿಕೊಟ್ಟವರು ಆ ಎಮ್ಮೆ ಕಾಯುವ ಹಿರಿಯರೇ.

ಅಂದು ರಾತ್ರಿ ವೈದ್ಯಮಿತ್ರರು, ತಮ್ಮ ಕೈಯಲ್ಲಿ ಚೆಂಡಿತ್ತೆಂಬುದನ್ನು ಮರೆಯಲಾಗದೆಯೋ ಏನೋ, ನಮ್ಮೆಲ್ಲರನ್ನೂ ಕೂರಿಸಿಕೊಂಡು ಕೆಲವು ಮಾತು ಹೇಳಿದರು. ಮುಳುಗುತ್ತಿರುವವರನ್ನು ಕಂಡಾಗ ಈಜು ಬಾರದವರು ಹಾರಬಾರದು. ಕೋಲು, ಹಗ್ಗ, ಸೀರೆ, ಖಾಲಿ ನೀರಿನ ಕ್ಯಾನು ಸಿಕ್ಕಿದ್ದನ್ನು ಚಾಚಬೇಕು ಅಥವಾ ಎಸೆಯಬೇಕು. ಹೊರತೆಗೆದ ಮಗುವನ್ನು ತಲೆಕೆಳಗಾಗಿ ಹಿಡಿದು ಜಾಡಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ಇನ್ನೂ ರೂಢಿಯಲ್ಲಿದೆ. ಇದರಿಂದ ಅಮೂಲ್ಯ ಕ್ಷಣಗಳು ಹಾಳಾಗುವುದಲ್ಲದೆ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಸೇರುವ ಅಪಾಯವೂ ಇದೆ. ಮಗು ಉಸಿರಾಡದಿದ್ದರೆ ಅಂಗಾತ ಮಲಗಿಸಿ, ಗದ್ದವೆತ್ತಿ, ಮೊದಲು ಬಾಯಿಂದ ಉಸಿರು ಕೊಡಬೇಕು. ಬಳಿಕ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 30 ಸಲ ಒತ್ತಿ 2 ಸಲ ಉಸಿರು ಕೊಡುವಂತೆ, ಸಹಾಯ ಬರುವವರೆಗೆ ಮುಂದುವರಿಸಬೇಕು. ಮತ್ತೊಬ್ಬರು 108ಕ್ಕೆ ಕರೆ ಮಾಡಬೇಕು. ನೀರು ಕುಡಿದು ಚೇತರಿಸಿಕೊಂಡ ಮಗುವನ್ನೂ ಆಸ್ಪತ್ರೆಗೆ ತೋರಿಸಲೇಬೇಕು. ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುವುದುಂಟು. ಈ ಪ್ರಥಮ ಚಿಕಿತ್ಸೆಯನ್ನು ಓದಿ ಕಲಿಯಲಾಗದು. ತರಬೇತಿ ನೀಡುವಲ್ಲಿ ಒಂದು ದಿನ ಕಳೆದು, ಬೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು.

ಮರುದಿನ ಬೆಳಿಗ್ಗೆ ನಾವು ಒಂದು ಕಟ್ಟಳೆ ಮಾಡಿಕೊಂಡೆವು. ಹುಡುಗರ ಆಟದ ಸೀಟಿಯೊಂದಿತ್ತು. ಅದರ ದಾರವನ್ನು ಕೊರಳಿಗೆ ಹಾಕಿಕೊಂಡವರಿಗೆ ಮಕ್ಕಳನ್ನು ನೋಡುವುದೊಂದೇ ಕೆಲಸ; ಅಡುಗೆಯಿಲ್ಲ, ಹರಟೆಯಿಲ್ಲ, ಮೊಬೈಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಪಾಳಿ ಬದಲು. ಸೀಟಿಯನ್ನು ಕೈಗೆ ಕೊಡುವಾಗ ಇಬ್ಬರೂ ಕೂಡಿ ಮಕ್ಕಳ ತಲೆ ಎಣಿಸಬೇಕು. ತೆಗೆದುಕೊಂಡವರು "ಈಗ ನನ್ನ ಪಾಳಿ" ಎಂದು ಬಾಯಿಬಿಟ್ಟು ಹೇಳಬೇಕು. ಮೊದಲೆರಡು ಪಾಳಿಗಳಲ್ಲಿ ನಗು ಬಂದಿತು. ಆಮೇಲೆ ಬರಲಿಲ್ಲ. ಇಪ್ಪತ್ತೇ ನಿಮಿಷ ಆರು ಮಕ್ಕಳನ್ನು ಕಣ್ಣು ತೆಗೆಯದೆ ನೋಡುವುದು ಎಷ್ಟು ದಣಿಸುವ ಕೆಲಸವೆಂಬುದು ಪ್ರತಿಯೊಬ್ಬರಿಗೂ ತಿಳಿಯಿತು. ನಮ್ಮಲ್ಲಿ ಗಂಡಸರಿಗೆ ಸ್ವಲ್ಪ ಹೆಚ್ಚಾಗಿಯೇ ತಿಳಿಯಿತು. ಪಾಳಿಯವರು ಮದ್ಯ ಮುಟ್ಟಬಾರದೆಂಬ ನಿಯಮ ನಮ್ಮ ಗುಂಪಿಗೆ ಬೇಕಾಗಲಿಲ್ಲ. ಬೇಕಾಗುವ ಗುಂಪುಗಳು ಹೊಳೆದಂಡೆಯಲ್ಲಿ ಸಾಕಷ್ಟು ಕಂಡವು.

ಶನಿವಾರ ರಾತ್ರಿ ಚಳಿ ಹೆಚ್ಚಿತು. ಒಲೆಯ ಕೆಂಡವನ್ನು ಬಾಂಡಲಿಯಲ್ಲಿ ತುಂಬಿ ಡೇರೆಯೊಳಗಿಟ್ಟರೆ ಮಕ್ಕಳು ಬೆಚ್ಚಗೆ ಮಲಗುತ್ತಾರೆಂದು ಒಬ್ಬರು ಸೂಚಿಸಿದರು. ಪ್ರೀತಿಯ ಸೂಚನೆಯೇ, ಆದರೆ ಮಾರಕ. ಹೊಗೆಯಿಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಮಲಗಿದವರು ಏಳುವುದೇ ಇಲ್ಲ. ಒಂದೊಂದು ಉಡುಪನ್ನು ಹೆಚ್ಚಾಗಿ ತೊಡಿಸಿ, ನೆಲದ ಮೇಲೆ ದಪ್ಪ ಜಮಖಾನೆ ಹಾಸಿ, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿದರೆ ಸಾಕಾಗುತ್ತದೆ. ನೆಲದಿಂದ ಏರುವ ತಂಪೇ ಮೇಲಿನ ಗಾಳಿಗಿಂತ ಹೆಚ್ಚು ಕಾಡುವುದು.

ಡೇರೆಯ ಜಿಪ್ಪನ್ನು ಹಗಲಿನಲ್ಲಿಯೂ ಮುಚ್ಚಿಡಬೇಕು. ಕಟ್ಟುಹಾವು ರಾತ್ರಿ ಸಂಚರಿಸುವಂಥದು. ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ನೋವು ಅಷ್ಟಾಗಿ ಇರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ನಸುಕಿನಲ್ಲಿ ಮಗು ಹೊಟ್ಟೆನೋವೆಂದು ಎದ್ದು, ರೆಪ್ಪೆಗಳು ಜೋತುಬಿದ್ದು, ಮಾತು ತೊದಲಿದರೆ ಅಜೀರ್ಣವೆಂದು ಓಮಿನ ನೀರು ಕುಡಿಸುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು. ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಬೇಡ. ಮುರಿದ ಮೂಳೆಗೆ ಮಾಡುವಂತೆ ಕೈಕಾಲು ಅಲುಗಾಡದಂತೆ ಪಟ್ಟಿ ಆಧಾರ ಕೊಟ್ಟು ಕರೆದೊಯ್ಯಬೇಕು. ಪ್ರತಿವಿಷದ ಹೊರತು ಇದಕ್ಕೆ ಮದ್ದಿಲ್ಲ. ಹೊರಡುವ ಮೊದಲೇ ಸಮೀಪದ ಸರಕಾರಿ ಆಸ್ಪತ್ರೆ ಎಲ್ಲಿದೆ, ಅಲ್ಲಿ ಪ್ರತಿವಿಷವಿದೆಯೇ, ಬೀಡಿನಲ್ಲಿ ಮೊಬೈಲ್ ಸಂಪರ್ಕ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚುವಾಗ ಒಬ್ಬ ಹುಡುಗನ ಕಿವಿಯ ಹಿಂದೆ ಗಸಗಸೆ ಕಾಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಉಜ್ಜಿದರೆ ಹೋಗಲಿಲ್ಲ. ನಮ್ಮ ಕಡೆ ಉಣ್ಣಿ ಎಂದೂ ಮಲೆನಾಡಿನಲ್ಲಿ ಉಣುಗು ಎಂದೂ ಕರೆಯುವ ಜೀವಿಯ ಮರಿ ಅದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಮನುಷ್ಯರಿಗೆ ತಗಲುವುದು ಇಂಥ ಉಣುಗುಗಳ ಕಡಿತದಿಂದ. ಉತ್ತರ ಕನ್ನಡದಲ್ಲಿಯೂ ಅದು ಕಾಣಿಸಿಕೊಂಡಿದೆ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ, ಅಂದರೆ ನಾವು ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ತಿಂಗಳುಗಳಲ್ಲಿಯೇ, ಅದರ ಹಾವಳಿ. ಸೀಮೆಎಣ್ಣೆ ಹಾಕೋಣವೆಂದು ಒಬ್ಬರು, ಊದುಬತ್ತಿಯಿಂದ ಸುಡೋಣವೆಂದು ಒಬ್ಬರು ಎದ್ದರು. ವೈದ್ಯರು ಇಬ್ಬರನ್ನೂ ತಡೆದು, ಸಣ್ಣ ತುದಿಯ ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಅದರ ಬಾಯಿಯನ್ನೇ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆಳೆದರು; ಆ ಜಾಗವನ್ನು ಸಾಬೂನಿನಿಂದ ತೊಳೆದರು. ಸುಟ್ಟರೆ, ಹಿಚುಕಿದರೆ ಅದರ ಹೊಟ್ಟೆಯಲ್ಲಿದ್ದುದು ಗಾಯದೊಳಗೆ ಸೇರಬಹುದು. ಬಳಿಕ ಎಲ್ಲ ಮಕ್ಕಳನ್ನೂ ಒಬ್ಬೊಬ್ಬರಾಗಿ ನೋಡಿದೆವು: ತಲೆಗೂದಲ ಬುಡ, ಕಂಕುಳು, ಹೊಕ್ಕಳು, ಸೊಂಟದ ಉಡಿದಾರದ ಸುತ್ತ, ತೊಡೆಸಂದು, ಮೊಣಕಾಲಿನ ಹಿಂಬದಿ. ಇನ್ನೆರಡು ಸಿಕ್ಕವು, ಹತ್ತಿರಲಿಲ್ಲ.

ಎಲ್ಲ ಉಣ್ಣಿಗಳೂ ರೋಗ ಹೊತ್ತಿರುವುದಿಲ್ಲ. ಆದರೂ ಮರಳಿದ ಮೇಲೆ ನಾವು ದಿನ ಎಣಿಸಿದೆವು. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಕಡಿತದ ಮೂರರಿಂದ ಎಂಟು ದಿನಗಳಲ್ಲಿ, ಥಟ್ಟನೆ, ತೀವ್ರ ತಲೆನೋವು ಮೈಕೈನೋವುಗಳೊಂದಿಗೆ ಬರುತ್ತದೆ. ಪೊದೆಗಳಲ್ಲಿರುವ ಅತಿಸಣ್ಣ ನುಸಿಯ ಮರಿಯಿಂದ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರಕ್ಕೆ ಒಂದರಿಂದ ಮೂರು ವಾರ ಬೇಕಾಗಬಹುದು. ಕಡಿದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಕೆಲವರಲ್ಲಿ ಕಾಣುತ್ತದೆ. ಮೊದಲನೆಯದಕ್ಕೆ ನಿರ್ದಿಷ್ಟ ಔಷಧವಿಲ್ಲ, ಆರೈಕೆಯೇ ಚಿಕಿತ್ಸೆ. ಎರಡನೆಯದು ಬೇಗ ಗುರುತಿಸಿದರೆ ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ. ಎರಡರಲ್ಲಿಯೂ ವೈದ್ಯರಿಗೆ "ಇಂಥ ದಿನ ಕಾಡಿನಂಚಿನಲ್ಲಿ ಮಲಗಿದ್ದೆವು" ಎಂಬ ಒಂದು ಮಾತು ಹೇಳುವುದು ಬಹಳ ಮುಖ್ಯ. ಪ್ರವಾಸ ಮುಗಿದು ವಾರವಾದ ಮೇಲೆ ಬಂದ ಜ್ವರಕ್ಕೂ ಪ್ರವಾಸಕ್ಕೂ ಸಂಬಂಧವುಂಟೆಂದು ಪಾಲಕರಿಗೆ ಹೊಳೆಯುವುದೇ ಇಲ್ಲ. ಆ ಹುಡುಗನಿಗೆ ಜ್ವರ ಬರಲಿಲ್ಲ. ಒಣಗಿದ ಎಲೆಗಳ ಮೇಲೆ ಕೂರದಿರುವುದು, ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಸಂಜೆ ಬಿಸಿನೀರಿನ ಸ್ನಾನ, ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸುವುದು ಇಷ್ಟನ್ನು ರೂಢಿಸಿಕೊಂಡರೆ ಹೆಚ್ಚಿನ ಭಯ ಕಳೆಯುತ್ತದೆ. ಸತ್ತ ಮಂಗ ಕಂಡ ಕಡೆ ನಿಲ್ಲಬಾರದು. ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು.

ಊಟ ನೀರಿನ ವಿಷಯ ಹೆಚ್ಚು ಹೇಳಬೇಕಿಲ್ಲ. ಹೊಳೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಸಬೇಕು. ಮಧ್ಯಾಹ್ನದ ಮೊಸರನ್ನವನ್ನು ರಾತ್ರಿಗೆ ಉಳಿಸಬಾರದು. ವಾಂತಿಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ದೊಡ್ಡ ಓಆರ್‌ಎಸ್ ಪೊಟ್ಟಣ ಒಂದನ್ನು ಪೂರ್ತಿ ಕಲಸಿ, ಗುಟುಕು ಗುಟುಕಾಗಿ ಕೊಡಬೇಕು. ಅರ್ಧ ಪೊಟ್ಟಣ, ಅರ್ಧ ಲೋಟವೆಂಬ ಲೆಕ್ಕ ಸಲ್ಲದು. ಮಗು ಆರು ಗಂಟೆಗಳಿಂದ ಮೂತ್ರ ಮಾಡಿಲ್ಲವೆಂದರೆ ವೈದ್ಯರನ್ನು ಕಾಣಬೇಕು.

ಮರಳಿ ನಮ್ಮ ಮಗಳ ಮಾತಿಗೆ ಬರುತ್ತೇವೆ. ನೀರಿಗಿಳಿದ ಕೂಸು ಅಂದು ರಾತ್ರಿ ಮಾದಲಿ ತಿಂದು ಸುಖವಾಗಿ ಮಲಗಿತು. ಉಣ್ಣದೆ ಉಳಿದವಳು ಇವಳು. ಡೇರೆಯ ಮೂಲೆಯಲ್ಲಿ ಗೋಡೆಯ ಬಟ್ಟೆಗೆ ಮುಖ ಮಾಡಿ, "ನಾ ಕೈ ಬಿಡಬಾರದಾಗಿತ್ತು" ಎಂದು ಬಿಕ್ಕಿದಳು. ಊರಿಗೆ ಬಂದ ಮೇಲೆಯೂ ಕೆಲವು ವಾರ ರಾತ್ರಿ ಬೆಚ್ಚಿ ಏಳುತ್ತಿದ್ದಳು; ಆ ಕೂಸು ಮನೆಗೆ ಬಂದರೆ ಒಳಕೋಣೆಗೆ ಸರಿಯುತ್ತಿದ್ದಳು. ನಮ್ಮ ಮನೆಗಳಲ್ಲಿ ಹಿರಿಯ ಮಗಳೆಂದರೆ ಅರ್ಧ ತಾಯಿ. ಅದನ್ನು ಹೊಗಳಿಕೆಯೆಂದೇ ಹೇಳುತ್ತ ಬಂದಿದ್ದೇವೆ. ಹನ್ನೊಂದು ವರ್ಷದ ಮಗುವಿಗೆ ಇನ್ನೊಂದು ಮಗುವಿನ ಜೀವದ ಹೊಣೆ ಹೊರಿಸಿ, ಅದೇ ಉಸಿರಿನಲ್ಲಿ ಬೇರೆ ಕೆಲಸಕ್ಕೂ ಕರೆಯುವುದು ಎಂಥ ಅನ್ಯಾಯವೆಂದು ವೈದ್ಯಮಿತ್ರರು ನಮಗೆ ನೇರವಾಗಿಯೇ ಹೇಳಿದರು. "ನೀನು ಕೈಬಿಟ್ಟದ್ದಲ್ಲ, ನಾವು ಬಿಡಿಸಿದ್ದು" ಎಂದು ನಾವು ಅವಳ ಮುಂದೆ ಕೂತು, ಒಂದಲ್ಲ ಹಲವು ಸಲ, ಹೇಳಬೇಕಾಯಿತು. ಇಂಥ ಘಟನೆಯ ನಂತರ ಮಕ್ಕಳು ಸುಮ್ಮನಾದರೆ ಮರೆತರೆಂದು ಪಾಲಕರು ತಿಳಿಯಬಾರದು. ನಿದ್ರೆ, ಊಟ, ಆಟಗಳಲ್ಲಿನ ಬದಲಾವಣೆಯನ್ನು ಗಮನಿಸಿ, ಒಂದು ತಿಂಗಳಿಗೂ ಮೀರಿ ಉಳಿದರೆ ತಜ್ಞರ ನೆರವು ಪಡೆಯಬೇಕು.

ಮರುವರ್ಷ ಜನವರಿಯಲ್ಲಿ ಅದೇ ನಾಲ್ಕು ಕುಟುಂಬಗಳು ಅದೇ ತೋಟಕ್ಕೆ ಹೋದೆವು. ಅವಳಿಗಾಗ ಹನ್ನೆರಡು ತುಂಬಿತ್ತು. ಇಳಿದ ಕೂಡಲೇ ಸೀಟಿ ತನ್ನ ಕೊರಳಿಗೆ ಬೇಕೆಂದು ಕೈಚಾಚಿದಳು. ನಾವು ಕೊಡಲಿಲ್ಲ. ಕೂಸಿನ ತಂದೆ ಅದನ್ನು ತೆಗೆದುಕೊಂಡು, ಆರು ತಲೆ ಎಣಿಸಿ, "ಈಗ ನನ್ನ ಪಾಳಿ" ಎಂದು ಹೇಳಿ ನೀರಿನಂಚಿಗೆ ಹೋಗಿ ಕೋಲು ನೆಟ್ಟು ಕೂತರು. ಅವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ನಿಂತಿದ್ದು, ಆಮೇಲೆ ಹುಡುಗರ ಜೊತೆ ಚೆಂಡಾಡಲು ಓಡಿದಳು.